ನೆಲ ಕುಗ್ಗಿದರೆ ಮೊದಲು ನೀರನ್ನು ಹುಡುಕಿ: ಪುಣೆಯ ಭರ್ತಿ ನೆಲದ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಪುಣೆಯ ಧಾಯರಿ, ಆಂಬೇಗಾಂವ್, ಕೊಂಢ್ವಾ, ಬಾವಧನ್ ಕಡೆಯ ಇಳಿಜಾರುಗಳಲ್ಲಿ ಮನೆ ಕಟ್ಟುವಾಗ ಗುಡ್ಡದ ಮೇಲ್ಬದಿಯನ್ನು ಕಡಿದು, ಅದೇ ಮಣ್ಣನ್ನು ಕೆಳಬದಿಗೆ ಸುರಿದು, ನಿವೇಶನವನ್ನು ಸಮತಟ್ಟು ಮಾಡುವುದು ರೂಢಿ. ಹೀಗೆ ಸುರಿದು, ಬಡಿದು ಗಟ್ಟಿ ಮಾಡಿದ, ಅಂದರೆ ದಮ್ಮಸು ಮಾಡಿದ ಮಣ್ಣನ್ನು ಇಲ್ಲಿನ ಗುತ್ತಿಗೆದಾರರು ಭರಾವ್ ಎನ್ನುತ್ತಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಗೌಂಡಿಗಳು ಭರ್ತಿ ಎನ್ನುತ್ತಾರೆ. ಒಂದೇ ಮನೆಯ ಹಿಂಬದಿಯ ಕೋಣೆ ಗಟ್ಟಿ ಮುರುಮಿನ (ಶಿಥಿಲಗೊಂಡ ಬಂಡೆಯ ಗರಸು ಮಣ್ಣಿನ) ಮೇಲೂ ಮುಂಬದಿಯ ಹಜಾರ ಎರಡು ಮೂರು ಮೀಟರ್ ಭರ್ತಿಯ ಮೇಲೂ ಕೂತಿರುವುದುಂಟು. ಕಟ್ಟಿದ ನಾಲ್ಕೈದು ವರ್ಷಗಳ ಮೇಲೆ, ಅದೂ ಮಳೆಗಾಲ ಮುಗಿಯುವ ಹೊತ್ತಿಗೆ, ಅಂಥ ಮನೆಯ ನೆಲ ಕುಗ್ಗತೊಡಗಿದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು. ಇದರಿಂದ ನೆಲದ ಚಲನೆ ನಿಲ್ಲುವುದಿಲ್ಲ. ಚಲನೆಯನ್ನು ತೋರಿಸುತ್ತಿದ್ದ ಗುರುತು ಮಾತ್ರ ಮುಚ್ಚಿಹೋಗುತ್ತದೆ.

ಪರೀಕ್ಷೆಗೆ ತೊಡಗುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ಈಗಿನ ಮನೆಗಳಲ್ಲಿ ಚಾವಣಿ ಮತ್ತು ಬೀಮುಗಳ ಭಾರ ಕಾಲಂಗಳ ಮೂಲಕ ಬುನಾದಿಗೆ ಇಳಿಯುತ್ತದೆ, ಬುನಾದಿ ಸಾಮಾನ್ಯವಾಗಿ ಭರ್ತಿಯನ್ನು ದಾಟಿ ಕೆಳಗಿನ ಗಟ್ಟಿ ನೆಲದ ಮೇಲೆ ಕೂತಿರುತ್ತದೆ. ಆದರೆ ನೆಲಹಾಸು, ಅದರ ಕೆಳಗಿನ ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟಿನ ಪದರ) ಮತ್ತು ಸೋಲಿಂಗ್ (ಅದರಡಿಯ ಕಲ್ಲಿನ ಹಾಸು), ಕೆಲವೊಮ್ಮೆ ನಡುಗೋಡೆಗಳು, ಎಲ್ಲ ಪೈಪುಗಳು, ಕೊಳಚೆ ಪೈಪುಗಳು ಕೂಡುವ ಛೇಂಬರು ಗುಂಡಿಗಳು ಭರ್ತಿಯ ಮೇಲೆಯೇ ಇರುತ್ತವೆ. ಆದ್ದರಿಂದ ಕುಗ್ಗುತ್ತಿರುವುದು ಬರಿಯ ನೆಲವೋ, ಕಟ್ಟಡದ ಚೌಕಟ್ಟೂ ಸೇರಿದೆಯೋ ಎಂಬುದೇ ಈ ಎಲ್ಲ ಪರೀಕ್ಷೆಗಳ ಹಿಂದಿರುವ ಪ್ರಶ್ನೆ. ನೆಲ ಮಾತ್ರವಾದರೆ ಅದು ಖರ್ಚಿನ ಮಾತು. ಚೌಕಟ್ಟೂ ಸೇರಿದ್ದರೆ ಅದು ಜೀವದ ಮಾತು.

ಪರೀಕ್ಷೆಗೂ ಕಾಯದೆ ಹೊರಬರಬೇಕಾದ ಲಕ್ಷಣಗಳು

ಕಾಲಂ ಅಥವಾ ಬೀಮಿನ ಕಾಂಕ್ರೀಟಿನಲ್ಲಿ ಓರೆ ಬಿರುಕು ಬಿದ್ದು ಒಳಗಿನ ಕಬ್ಬಿಣ ಕಾಣುತ್ತಿದ್ದರೆ, ನಿನ್ನೆ ಸರಾಗವಾಗಿ ಮುಚ್ಚುತ್ತಿದ್ದ ಎರಡು ಮೂರು ಬಾಗಿಲುಗಳು ಇಂದು ಒಟ್ಟಿಗೆ ಬಿಗಿದುಕೊಂಡಿದ್ದರೆ, ಬಿರುಕು ಗಂಟೆಗಳ ಅಂತರದಲ್ಲಿ ಕಣ್ಣೆದುರೇ ಅಗಲವಾಗುತ್ತಿದ್ದರೆ, ಅಂಗಳದಲ್ಲಿ ಹಠಾತ್ತನೆ ಗುಂಡಿ ಬಿದ್ದಿದ್ದರೆ, ಅಥವಾ ತಡೆಗೋಡೆಯ ಬುಡದಿಂದ ಕೆಸರು ನೀರು ಹೊರಡುತ್ತಿದ್ದರೆ ಮನೆಯವರೆಲ್ಲ ಹೊರಬರಬೇಕು. ದಾರಿಯಲ್ಲೇ ಸಿಗುವುದಾದರೆ ವಿದ್ಯುತ್ತಿನ ಮೇನ್ ಸ್ವಿಚ್ಚನ್ನೂ ಅಡುಗೆ ಅನಿಲದ ಕವಾಟವನ್ನೂ ಮುಚ್ಚಿ; ಸಿಗದಿದ್ದರೆ ಅದಕ್ಕಾಗಿ ಹಿಂದಿರುಗಬೇಡಿ. ಅನಿಲದ ವಾಸನೆ ಈಗಾಗಲೇ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಏಕೆಂದರೆ ನೆಲ ಸರಿದಾಗ ಅದರಲ್ಲಿ ಹೂತ ಅನಿಲದ ಕೊಳವೆಯೂ ಎಳೆತಕ್ಕೆ ಸಿಕ್ಕಿ ಸೋರುತ್ತಿರಬಹುದು, ಸ್ವಿಚ್ಚಿನ ಕಿಡಿಗೆ ಆ ಅನಿಲ ಹೊತ್ತಿಕೊಳ್ಳಬಹುದು. 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಅಕ್ಕಪಕ್ಕದವರನ್ನೂ ಎಬ್ಬಿಸಿ.

ಇವು ಯಾವುವೂ ಇಲ್ಲವೆಂದಾದರೆ ನಿಮಗೆ ಸಮಯವಿದೆ. ಒಂದು ನೋಟ್‌ಬುಕ್, ಪೆನ್ಸಿಲ್, ಸ್ಕೇಲ್, ಟಾರ್ಚ್, ಗೌಂಡಿಯ ರಸಮಟ್ಟ ಮತ್ತು ಹತ್ತು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಪೈಪು ಇದ್ದರೆ ಕೆಳಗಿನ ಮುಕ್ಕಾಲು ಪರೀಕ್ಷೆಗಳನ್ನು ನೀವೇ ಮಾಡಬಹುದು.

ಸ್ಕರ್ಟಿಂಗ್ ಕೆಳಗೆ ಸಂದು, ಟೈಲ್ಸ್ ಬಡಿದರೆ ಟೊಳ್ಳು ಸದ್ದು

ನೆಲ ಒರೆಸುವವರ ಕಣ್ಣಿಗೆ ಮೊದಲು ಬೀಳುವುದು ಇದು. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಗೂ ನೆಲದ ಟೈಲ್ಸ್‌ಗೂ ನಡುವೆ ಕಪ್ಪು ಗೆರೆಯೊಂದು ಮೂಡಿ, ಕೆಲವು ತಿಂಗಳಲ್ಲಿ ಅದರೊಳಗೆ ಕಸ ಸೇರಿ, ಇರುವೆಗಳು ಸಾಲುಗಟ್ಟುತ್ತವೆ. ಸ್ಕರ್ಟಿಂಗ್ ಗೋಡೆಗೆ ಅಂಟಿರುತ್ತದೆ, ಗೋಡೆ, ನೆಲಮಟ್ಟದಲ್ಲಿ ಕಾಲಂಗಳನ್ನು ಜೋಡಿಸುವ ಪ್ಲಿಂತ್ ಬೀಮಿನ ಮೇಲಿರುತ್ತದೆ. ಆದ್ದರಿಂದ ಆ ಸಂದು ನೆಲ ಎಷ್ಟು ಇಳಿದಿದೆ ಎಂಬುದರ ನೇರ ಅಳತೆ. ಸಾಮಾನ್ಯ ಬಿಳಿ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಎಷ್ಟು ಹಾಳೆ ಒಳಹೋಗುತ್ತವೆಂದು ಎಣಿಸಿದರೆ ಸಣ್ಣ ಸಂದುಗಳನ್ನೂ ನಂಬಿಕೆಯಿಂದ ಬರೆದಿಡಬಹುದು. ಪ್ರತಿ ಕೋಣೆಯ ನಾಲ್ಕು ಮೂಲೆಗಳಲ್ಲೂ ಗೋಡೆಗಳ ನಡುಮಧ್ಯದಲ್ಲೂ ಹೀಗೆ ಅಳೆದು, ಕೋಣೆಯ ನಕ್ಷೆ ಗೀಚಿ, ದಿನಾಂಕದೊಡನೆ ಅಂಕಿ ತುಂಬಿ. ಸಂದು ಅತಿ ಹೆಚ್ಚಿರುವ ಮೂಲೆಯ ಸುತ್ತಲೇ ಕಾರಣ ಅಡಗಿರುವುದು ಹೆಚ್ಚು.

ಟೊಳ್ಳು ಸದ್ದೊಂದನ್ನೇ ನಂಬಿ ಹೆದರಬೇಕಿಲ್ಲ. ಸಿಮೆಂಟು ಸರಿಯಾಗಿ ಹಿಡಿಯದ ಟೈಲ್ಸ್ ಕೂಡ ನಾಣ್ಯದಿಂದ ಬಡಿದರೆ ಟೊಳ್ಳಾಗಿಯೇ ಸದ್ದು ಮಾಡುತ್ತದೆ. ಅದು ಒಂದೆರಡು ಟೈಲ್ಸ್‌ಗೆ ಸೀಮಿತವಾಗಿರುತ್ತದೆ, ಮಟ್ಟ ಬದಲಾಗಿರುವುದಿಲ್ಲ. ಇಡೀ ಮೂಲೆಯೇ ಚರ್ಮವಾದ್ಯದಂತೆ ಗುಂಯ್‌ಗುಟ್ಟುತ್ತಿದ್ದು, ಹಿಮ್ಮಡಿಯೂರಿ ನಿಂತರೆ ಅದಿರಿದಂತಾಗುತ್ತಿದ್ದು, ರಸಮಟ್ಟದ ಗುಳ್ಳೆಯೂ ಒಂದೇ ಕಡೆಗೆ ಸರಿಯುತ್ತಿದ್ದರೆ ಮಾತ್ರ ಪಿಸಿಸಿಯ ಕೆಳಗೆ ಪೊಳ್ಳಾಗಿದೆ ಎಂದು ತಿಳಿಯಬೇಕು. ಮಣ್ಣು ಇಳಿದಿದೆ, ಕಾಂಕ್ರೀಟಿನ ತೆಳು ಪದರ ಮಾತ್ರ ಸೇತುವೆಯಂತೆ ನಿಂತಿದೆ. ಅಂಥ ಜಾಗದಲ್ಲಿ ಗೋದ್ರೇಜ್ ಕಪಾಟು, ತುಂಬಿದ ಡ್ರಮ್ಮು, ವಾಷಿಂಗ್ ಮಷೀನುಗಳನ್ನು ಇಡಬೇಡಿ.

ಹೊಸ ಮನೆಯಲ್ಲಿ ಎರಡು ಮೂರು ಮಿಲಿಮೀಟರ್ ಸಂದು ಎಲ್ಲ ಕಡೆಯೂ ಸಮನಾಗಿದ್ದರೆ ಅದು ಭರ್ತಿ ತನ್ನ ಭಾರಕ್ಕೆ ತಾನು ಕೂರುತ್ತಿರುವುದರ ಲಕ್ಷಣ. ಚೆನ್ನಾಗಿ ದಮ್ಮಸಾದ ಭರ್ತಿಯೂ ಎತ್ತರದ ಸುಮಾರು ಶೇ. 0.5ರಷ್ಟು ಕುಗ್ಗುವುದುಂಟು; ಅಂದರೆ 3 ಮೀಟರ್ ಭರ್ತಿಗೆ 15 ಮಿಲಿಮೀಟರ್, ಅದರ ದೊಡ್ಡ ಪಾಲು ಮೊದಲ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಹೀಗಿದ್ದರೆ ಒಂದು ಮಳೆಗಾಲ ಕಾಯಿರಿ, ಅಳತೆ ಮುಂದುವರಿಸಿ. ಸುಮ್ಮನಿದ್ದ ನೆಲ ಐದಾರು ವರ್ಷಗಳ ಮೇಲೆ ಒಮ್ಮೆಲೇ ಒಂದು ಮೂಲೆಯಲ್ಲಿ ಇಳಿದರೆ ಅದು ಸಹಜ ಕೂರುವಿಕೆಯಲ್ಲ. ಅಲ್ಲಿಗೆ ನೀರು ತಲುಪಿದೆ.

ಬಚ್ಚಲು, ಅಡುಗೆಮನೆ ಅಥವಾ ಛೇಂಬರಿನ ಸುತ್ತ ಮಾತ್ರ ತಗ್ಗು

ಈ ಕೈಪಿಡಿಯಲ್ಲಿ ಯಾವ ಭಾಗವನ್ನಾದರೂ ಎರಡು ಸಲ ಓದುವುದಿದ್ದರೆ ಇದನ್ನೇ ಓದಿ ಎಂದು ಕೇಳಿಕೊಳ್ಳುತ್ತೇನೆ. ನಾನು ನೋಡಿದ ಕುಸಿದ ನೆಲಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾದವು, ನನ್ನ ಸ್ವಂತ ಮನೆಯೂ ಸೇರಿದಂತೆ.

ಮಣ್ಣನ್ನು ಗಟ್ಟಿ ಮಾಡುವುದು ಬರಿಯ ಹೊಡೆತದಿಂದ ಆಗುವ ಕೆಲಸವಲ್ಲ. ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟಂತೆ, ಪ್ರತಿ ಮಣ್ಣಿಗೂ ಒಂದು ಹದವಾದ ತೇವವಿರುತ್ತದೆ. ಆ ತೇವದಲ್ಲಿ ದಮ್ಮಸು ಮಾಡಿದಾಗ ಮಾತ್ರ ಕಣಗಳು ಜಾರಿ ಒಂದಕ್ಕೊಂದು ಹತ್ತಿರ ಕೂರುತ್ತವೆ. ರೊಟ್ಟಿಯ ಹಿಟ್ಟಿಗೆ ನೀರಿನ ಹದ ಇದ್ದಂತೆಯೇ ಇದು. ನೀರು ಸಾಲದೆ ಒಣಗಿದ ಮುರುಮನ್ನು, ಅದರಲ್ಲೂ ಎರೆಮಣ್ಣಿನ ಹೆಂಟೆ ಬೆರೆತದ್ದನ್ನು, ಒಂದೇ ಸಲ ಅರ್ಧ ಮೀಟರ್ ಸುರಿದು ಮೇಲೆ ಮಾತ್ರ ರೋಲರ್ ಓಡಿಸಿದರೆ ಮೇಲ್ಮೈ ಕಲ್ಲಿನಂತೆ ಕಾಣುತ್ತದೆ, ಕೆಳಗೆ ಹೆಂಟೆಗಳ ನಡುವೆ ಗಾಳಿಯ ಪೊಟರೆಗಳು ಉಳಿದಿರುತ್ತವೆ. ಒಣಗಿರುವಷ್ಟು ದಿನ ಆ ಹೆಂಟೆಗಳು ಭಾರ ಹೊತ್ತೇ ನಿಲ್ಲುತ್ತವೆ, ವರ್ಷಗಟ್ಟಲೆ ನಿಲ್ಲಬಹುದು. ನೀರು ಮುಟ್ಟಿದ ದಿನ ಮೆತ್ತಗಾಗಿ ಪೊಟರೆಗಳೊಳಗೆ ಕುಸಿಯುತ್ತವೆ. ಭಾರ ಹೆಚ್ಚಾಗದಿದ್ದರೂ ನೆಲ ಇಳಿಯುವುದು ಹೀಗೆ.

ಎಷ್ಟು ಇಳಿಯಬಹುದು ಎಂಬುದಕ್ಕೆ ಸರಳ ಲೆಕ್ಕವಿದೆ. ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 95ರಷ್ಟಾದರೂ ನಿವೇಶನದಲ್ಲಿ ಸಾಧಿಸಬೇಕೆಂಬುದು ಸಾಮಾನ್ಯ ಷರತ್ತು. ನಿಮ್ಮ 3 ಮೀಟರ್ ಭರ್ತಿ ಶೇ. 88ಕ್ಕೇ ನಿಂತಿತ್ತು, ನೀರು ಕುಡಿದು ಶೇ. 93ಕ್ಕೆ ಕೂತಿತು ಎಂದಿಟ್ಟುಕೊಳ್ಳಿ: ಎತ್ತರದಲ್ಲಿ ಸುಮಾರು 16 ಸೆಂಟಿಮೀಟರ್ ಇಲ್ಲವಾಗುತ್ತದೆ. ಒಂದು ಮೆಟ್ಟಿಲಿನಷ್ಟು!

ಆದ್ದರಿಂದ ನೆಲ ಅಗೆಯುವ ಮೊದಲು ನೀರನ್ನು ಹುಡುಕಬೇಕು. ಅಗ್ಗದ ಪರೀಕ್ಷೆ ರಾತ್ರಿಯದು. ಮಲಗುವ ಮುನ್ನ ಎಲ್ಲ ನಲ್ಲಿಗಳನ್ನು ಮುಚ್ಚಿ, ಮೇಲಿನ ಟ್ಯಾಂಕಿಗೆ ನೀರು ಬರುವ ಕವಾಟವನ್ನೂ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗೆರೆ ಹಾಕಿ; ಸಂಪ್ ಇದ್ದರೆ, ಮುನ್ಸಿಪಾಲಿಟಿಯ ನೀರು ಬಾರದ ವೇಳೆಯಲ್ಲಿ, ಹೊರಗಿನಿಂದಲೇ ಕೋಲು ಇಳಿಬಿಟ್ಟು ಅದರ ಮಟ್ಟವನ್ನೂ ಗುರುತಿಸಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಟ್ಯಾಂಕಿನ ಮಟ್ಟ ಇಳಿದಿದ್ದರೆ ಮನೆಯೊಳಗಿನ ಪೈಪು ಸೋರುತ್ತಿದೆ, ಸಂಪಿನದು ಇಳಿದಿದ್ದರೆ ಸಂಪಿನ ಗೋಡೆಯೋ ತಳವೋ ಬಿರಿದಿದೆ.

ಕೊಳಚೆ ಪೈಪು ಸೋರಿದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ನೀರು ನಿಲ್ಲುವುದೇ ಇಲ್ಲ. ಅದಕ್ಕೆ ಬಟ್ಟೆಯ ನೀಲಿ ಬೆರೆಸಿದ ಒಂದು ಬಕೆಟ್ ನೀರನ್ನು ಶೌಚಕ್ಕೆ ಸುರಿದು, ಹೊರಗಿನ ಛೇಂಬರಿನ ಮುಚ್ಚಳ ತೆಗೆದು ನೋಡುತ್ತಿರಿ. ನೀಲಿ ನೀರು ಕೂಡಲೇ, ಸುರಿದಷ್ಟು ರಭಸದಲ್ಲೇ ಬಂದರೆ ಒಳ್ಳೆಯದು. ತಡವಾಗಿ, ತೊಟ್ಟಿಕ್ಕುವಂತೆ ಬಂದರೆ ನಡುವೆ ಪೈಪು ಜೋತುಬಿದ್ದಿದೆ ಅಥವಾ ಸಂದು ಬಿಟ್ಟಿದೆ. ಬಚ್ಚಲಿನ ನೀರಿಗೂ ಅಡುಗೆಮನೆಯ ನೀರಿಗೂ ಇದೇ ಪರೀಕ್ಷೆಯನ್ನು ಬೇರೆ ಬೇರೆ ಮಾಡಿ. ಮುಚ್ಚಳ ತೆಗೆದ ಛೇಂಬರಿನ ಮೇಲೆ ಮುಖ ಬಗ್ಗಿಸಬೇಡಿ, ಬೆಂಕಿಕಡ್ಡಿ ಗೀರಬೇಡಿ, ಛೇಂಬರಿಗಾಗಲಿ ಸಂಪಿಗಾಗಲಿ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರನ್ನೂ ಉಳಿಸುವುದಿಲ್ಲ.

ಧಾಯರಿಯ ನಮ್ಮ ರೋ ಹೌಸಿನಲ್ಲಿ ಬಚ್ಚಲಿನ ಹೊರಗಿನ ಮೂಲೆ 22 ಮಿಲಿಮೀಟರ್ ಇಳಿದಿತ್ತು. ನೀಲಿ ನೀರು ಬರಲು ಸುಮಾರು ಎರಡು ನಿಮಿಷ ಹಿಡಿಯಿತು, ಬಂದದ್ದು ಅರ್ಧದಷ್ಟೂ ಇರಲಿಲ್ಲ. ಇಂಡಿ ತಾಲೂಕಿನಿಂದ ಬಂದ ಹಿರಿಯ ಗೌಂಡಿಯೊಬ್ಬರು ನಾಲ್ಕು ಟೈಲ್ಸ್ ಎತ್ತಿ, ಪಿಸಿಸಿಯನ್ನು ಅಂಗೈಯಗಲ ಒಡೆದು, ಮೊಣಕೈವರೆಗೆ ಕೈ ಇಳಿಸಿ ನನ್ನ ಮುಖ ನೋಡಿದರು. "ಸಾಹೇಬ್ರ, ಇಲ್ಲಿ ಮಣ್ಣs ಇಲ್ರಿ." ನಾನೂ ಕೈ ಹಾಕಿದೆ. ಕಾಂಕ್ರೀಟಿನ ಅಡಿಯಲ್ಲಿ ಸೋಲಿಂಗ್ ಕಲ್ಲುಗಳು ಜೋತುಬಿದ್ದಿದ್ದವು, ಅವುಗಳ ಕೆಳಗೆ ಒಂದು ಗೇಣು ಖಾಲಿ, ಅದರ ಕೆಳಗೆ ತಣ್ಣಗಿನ ಕೆಸರು. ಪಕ್ಕದಲ್ಲೇ ಕೊಳಚೆ ಪೈಪಿನ ಜೋಡಣೆ ಬೆರಳಗಲ ಬಿಟ್ಟುಕೊಂಡಿತ್ತು. ಮೊದಲು ಭರ್ತಿ ತುಸು ಕೂತಿದೆ, ಅದರೊಡನೆ ಪೈಪು ಇಳಿದು ಸಂದು ಬಿಟ್ಟಿದೆ, ಸಂದಿನಿಂದ ಹರಿದ ನೀರು ಇನ್ನಷ್ಟು ಭರ್ತಿಯನ್ನು ಇಳಿಸಿದೆ. ಕುಸಿತವೂ ಸೋರಿಕೆಯೂ ಹೀಗೆ ಒಂದನ್ನೊಂದು ಬೆಳೆಸುತ್ತಾ ಹೋಗುವುದರಿಂದಲೇ ತಡಮಾಡಬಾರದು ಎನ್ನುವುದು. ಕಟ್ಟಿಕೊಟ್ಟವರನ್ನು ಕೇಳಿದಾಗ ದಮ್ಮಸಿನ ಪರೀಕ್ಷೆಯ ಒಂದು ಕಾಗದವೂ ಅವರಲ್ಲಿರಲಿಲ್ಲ.

ಗೋಡೆಯಲ್ಲಿ ಬಿರುಕು

ಬಿರುಕು ಕಂಡೊಡನೆ ಅಗಲಕ್ಕಿಂತ ಮೊದಲು ಆಕಾರ ನೋಡಿ. ಗಾರೆಯ ಮೇಲೆ ಜೇಡರಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಗಾರೆ ಒಣಗಿದ್ದರಿಂದ ಬಂದವು. ಕಾಲಂಗೂ ಇಟ್ಟಿಗೆಗೂ ನಡುವಿನ ನೆಟ್ಟನೆಯ ಗೆರೆ ಎರಡು ಬೇರೆ ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಿದ್ದರ ಫಲ. ಮೇಲಿನ ಮಹಡಿಯಲ್ಲಿ, ಟೆರೇಸಿನ ಕೆಳಗೆ ಅಡ್ಡಡ್ಡ ಓಡುವ ಬಿರುಕು ಬಿಸಿಲಿನದು. ಈ ಮೂರಕ್ಕೂ ನೆಲದ ಕುಸಿತಕ್ಕೂ ಸಂಬಂಧವಿಲ್ಲ.

ನಡುಗೋಡೆಯ ತಲೆಯ ಬಳಿ, ಬೀಮಿನ ಕೆಳಗೆ, ಅಡ್ಡ ಸಂದು ಬಿಟ್ಟಿದ್ದರೆ ಆ ಗೋಡೆಯನ್ನು ಪ್ಲಿಂತ್ ಬೀಮಿನ ಮೇಲೆ ಕಟ್ಟದೆ ನೇರವಾಗಿ ನೆಲದ ಮೇಲೆ ಕಟ್ಟಿದ್ದಾರೆ, ಅದು ನೆಲದೊಡನೆ ಇಳಿಯುತ್ತಿದೆ ಎಂದರ್ಥ. ನೋಡಲು ಭಯವಾಗುತ್ತದೆ, ಆದರೆ ಬೀಮು ಇದ್ದಲ್ಲೇ ಇದೆ ಎಂಬುದಕ್ಕೂ ಅದೇ ಸಾಕ್ಷಿ. ಹಾಗೆಂದು ಅರ್ಧ ಇಟ್ಟಿಗೆಯ ಗೋಡೆ ಮೇಲ್ಗಡೆ ಹಿಡಿತ ಕಳೆದುಕೊಂಡಾಗ ಪಕ್ಕಕ್ಕೆ ಬೀಳಬಲ್ಲದು. ಅದರ ಬುಡದಲ್ಲಿ ಹಾಸಿಗೆ ಹಾಸಬೇಡಿ.

ಹೊರಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ ಓರೆ ಬಿರುಕು ಗಂಭೀರ. ಅದನ್ನು ಓದುವ ಬಗೆ ಹೀಗೆ: ಬಿರುಕಿನ ಮೇಲ್ತುದಿ ಯಾವ ಕಡೆಗೆ ವಾಲಿದೆಯೋ, ಸಾಮಾನ್ಯವಾಗಿ ಆ ಕಡೆಯ ತಳ ಇಳಿದಿರುತ್ತದೆ. ಗೋಡೆಯ ಎರಡು ತುದಿಗಳ ಬಿರುಕುಗಳು ನಡುವಿನತ್ತ ವಾಲಿ ಕಮಾನಿನಂತೆ ಕಂಡರೆ ನಡುಭಾಗ ಇಳಿದಿದೆ. ಒಳಗೂ ಹೊರಗೂ ಒಂದೇ ಜಾಗದಲ್ಲಿ ಬಿರುಕು ಕಂಡರೆ ಅದು ಗಾರೆಯದಲ್ಲ, ಗೋಡೆಯದು.

ಚಲನೆ ನಿಂತಿದೆಯೋ ನಡೆಯುತ್ತಿದೆಯೋ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯೊಂದನ್ನು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ಕೂರಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾರೆ ಕೆರೆದು ಇಟ್ಟಿಗೆಗೇ ಅಂಟಿಸಬೇಕು. ಗಾಜು ಒಡೆದರೆ ಗೋಡೆ ಸರಿದಿದೆ ಎಂದಷ್ಟೇ ತಿಳಿಯುತ್ತದೆ. ಎಷ್ಟು ಸರಿದಿದೆ ಎಂದು ತಿಳಿಯಲು ಬಿರುಕಿನ ಎರಡೂ ಬದಿಗೆ ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಒಂದು ಮಿಲಿಮೀಟರಿಗಿಂತ ಕಡಿಮೆಯಿದ್ದು ಬೆಳೆಯದ ಬಿರುಕಿಗೆ ಕಾಯಬಹುದು. 5 ಮಿಲಿಮೀಟರ್ ದಾಟಿದ, ಅಥವಾ ತಿಂಗಳಿಗೆ 1 ಮಿಲಿಮೀಟರಿಗಿಂತ ಹೆಚ್ಚು ಬೆಳೆಯುವ ಬಿರುಕಿಗೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಲೇಬೇಕು.

ಕಾಲಂಗಳು ಇಳಿದಿವೆಯೇ ಎಂಬ ಪ್ರಶ್ನೆಗೆ ಪಾರದರ್ಶಕ ಪೈಪು ಉತ್ತರ ಕೊಡುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಒಂದು ಕಾಲಂಗೆ, ಇನ್ನೊಂದನ್ನು ಮತ್ತೊಂದಕ್ಕೆ ಹಿಡಿದು ನೀರಿನ ಮಟ್ಟಕ್ಕೆ ಗೆರೆ ಹಾಕಿ. ಎರಡೂ ಗೆರೆ ಆ ದಿನ ಒಂದೇ ಮಟ್ಟದಲ್ಲಿರುತ್ತವೆ. ತಿಂಗಳ ನಂತರ ಮತ್ತೆ ಹಿಡಿದಾಗ ಒಂದು ಗೆರೆ ನೀರಿಗಿಂತ ಕೆಳಗಿದ್ದರೆ ಆ ಕಾಲಂ ಇಳಿಯುತ್ತಿದೆ. ಎರಡು ಮೂರು ಮಿಲಿಮೀಟರ್ ಅಳತೆಯ ತಪ್ಪೆಂದು ಬಿಡಿ. ಭಾರತೀಯ ಮಾನಕ 1904ರ ಪ್ರಕಾರ, ಬಿಡಿಬಿಡಿ ಬುನಾದಿಯ ಮೇಲಿನ ಆರ್‌ಸಿಸಿ ಕಟ್ಟಡದಲ್ಲಿ ಎರಡು ಕಾಲಂಗಳ ನಡುವೆ ಸಹಿಸಬಹುದಾದ ಇಳಿತದ ವ್ಯತ್ಯಾಸ ಅವುಗಳ ಅಂತರದ 0.0015 ಪಾಲು, ನಾಲ್ಕು ಮೀಟರ್ ಅಂತರಕ್ಕೆ ಬರಿಯ 6 ಮಿಲಿಮೀಟರ್. ಇದನ್ನು ಮುಟ್ಟಿದೆ ಎಂಬ ಅನುಮಾನ ಬಂದರೂ ಸಾಕು, ಮನೆಯ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ.

ಪಾರ್ಕಿಂಗಿನ ಪೇವರ್ ಬ್ಲಾಕುಗಳು ಉದ್ದಕ್ಕೆ ಕಾಲುವೆಯಂತೆ ತಗ್ಗಿದರೆ

ಇದು ಸಾಮಾನ್ಯವಾಗಿ ಪೈಪು ಹೂಳಲು ತೋಡಿದ ಚರಂಡಿಯನ್ನು ದಮ್ಮಸು ಮಾಡದೆ ಮುಚ್ಚಿದ್ದರ ಗುರುತು, ಕಟ್ಟಡಕ್ಕೆ ಅಪಾಯವಿಲ್ಲ. ಬ್ಲಾಕು ಎತ್ತಿ, ಮಣ್ಣು ತೆಗೆದು, ಪದರ ಪದರವಾಗಿ ತುಂಬಿಸಿದರೆ ಸಾಕು. ತಗ್ಗು ಮನೆಯ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ತಡಮಾಡಬೇಡಿ, ಮಳೆನೀರು ಅಲ್ಲಿ ನಿಂತು ಪ್ಲಿಂತ್ ಕೆಳಗೆ ಇಳಿಯುತ್ತದೆ. ಟೆರೇಸಿನ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ ಎಂದೂ ನೋಡಿ. ಪುಣೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ನೂರು ಚದರ ಮೀಟರ್ ಟೆರೇಸಿನಿಂದ 70,000 ಲೀಟರ್ ನೀರು ಒಂದೇ ಮೂಲೆಗೆ ಬಿದ್ದರೆ ಯಾವ ಭರ್ತಿಯೂ ತಾಳುವುದಿಲ್ಲ.

ಬೇಸಿಗೆಯಲ್ಲಿ ತೆರೆದು, ಮಳೆಗಾಲದಲ್ಲಿ ಮುಚ್ಚುವ ಬಿರುಕು

ಭರ್ತಿಯಲ್ಲೋ ಅದರ ಕೆಳಗೋ ಎರೆಮಣ್ಣು ಇದೆ ಎಂಬುದರ ಲಕ್ಷಣವಿದು. ವಿಜಯಪುರದ ಹೊಲಗಳಲ್ಲಿ ಬೇಸಿಗೆಗೆ ಎರೆ ಬಾಯ್ಬಿಡುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅದೇ ಮಣ್ಣು ಮುಳಾ, ಮುಠಾ ನದಿಗಳ ಬಯಲಿನಲ್ಲೂ ಇದೆ. ತೇವಕ್ಕೆ ಉಬ್ಬಿ ನೆಲವನ್ನು ಎತ್ತುತ್ತದೆ, ಒಣಗಿ ಕುಗ್ಗಿ ಇಳಿಸುತ್ತದೆ. ಕೋಣೆಯ ನಡುಭಾಗ ಗುಮ್ಮಟದಂತೆ ಉಬ್ಬಿದ್ದರೂ ಇದನ್ನೇ ಶಂಕಿಸಿ.

ಪರೀಕ್ಷೆ ಸರಳ. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಹೇಳಿದಂತೆ, ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸಾಣಿಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಎರಡು ಅಳತೆ ಗಾಜುಗಳಿಗೆ ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್ ಇದ್ದ ಮಣ್ಣು ನೀರಿನಲ್ಲಿ 17 ಆಗಿದ್ದರೆ ಉಬ್ಬುವಿಕೆ ಶೇ. 70. ಹೆದ್ದಾರಿ ಕಾಮಗಾರಿಗಳ ನಿಯಮದಲ್ಲಿ ಶೇ. 50 ಮೀರಿದ ಮಣ್ಣನ್ನು ಭರ್ತಿಗೆ ಬಳಸುವಂತಿಲ್ಲ. ಮನೆಯಲ್ಲೇ ಮಾಡುವುದಾದರೆ ಒಲೆಯಿಂದ ದೂರವಿಟ್ಟು ಮಾಡಿ. ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. ಫಲಿತಾಂಶ ಹೆಚ್ಚಾಗಿದ್ದರೆ ಗೋಡೆಗೆ ಅಂಟಿದ ಕೈತೋಟಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಸುತ್ತಲೂ ಮೀಟರ್ ಅಗಲದ ಗಟ್ಟಿ ಕಟ್ಟೆ ಹಾಕಿಸಿ ಮಣ್ಣಿನ ತೇವ ವರ್ಷವಿಡೀ ಒಂದೇ ಸಮನಿರುವಂತೆ ನೋಡಿಕೊಳ್ಳಬೇಕು.

ನವಿ ಮುಂಬೈಯಲ್ಲಿರುವ ಬಂಧುಗಳು ಇದೇ ಲಕ್ಷಣಗಳ ಬಗ್ಗೆ ಕೇಳುತ್ತಾರೆ. ಅಲ್ಲಿ ಖಾಡಿಯ (ಸಮುದ್ರದ ಹಿನ್ನೀರಿನ) ದಡದ ಬಹಳಷ್ಟು ಕಡೆ ಭರ್ತಿಯ ಕೆಳಗೆ ಸಮುದ್ರದ ಮೆದು ಜೇಡಿಯಿದೆ, ಭರ್ತಿಯ ಭಾರಕ್ಕೆ ಆ ಜೇಡಿಯೇ ವರ್ಷಗಟ್ಟಲೆ ನೀರು ಹಿಂಡಿಕೊಂಡು ಕುಗ್ಗುತ್ತದೆ. ಅದು ಮನೆಯ ಪರೀಕ್ಷೆಗೆ ಸಿಗುವ ದೋಷವಲ್ಲ.

ತಡೆಗೋಡೆ ಉಬ್ಬಿದೆ, ವಾಲಿದೆ

ಇಲ್ಲಿ ಮಾತ್ರ ಅಗ್ಗದ ಪರೀಕ್ಷೆಯಿಂದ ಕಷ್ಟದ ಪರೀಕ್ಷೆಗೆ ಹೋಗುವ ಕ್ರಮವನ್ನು ಬಿಡಬೇಕು. ಇಳಿಜಾರಿನ ಭರ್ತಿಯನ್ನು ಹಿಡಿದು ನಿಲ್ಲಿಸಿರುವುದು ಈ ಗೋಡೆ. ಅದರ ಹಿಂದಿನ ಮಣ್ಣು ನೀರಿನಿಂದ ತುಂಬಿಕೊಂಡರೆ ಗೋಡೆಯ ಮೇಲಿನ ಒತ್ತಡ ಒಣ ಮಣ್ಣಿನ ಕಾಲಕ್ಕಿಂತ ದುಪ್ಪಟ್ಟಾಗಬಲ್ಲದು. 2019ರ ಜೂನ್ 29ರ ನಸುಕಿನಲ್ಲಿ ಕೊಂಢ್ವಾದ ವಸತಿ ಸಂಕೀರ್ಣವೊಂದರ ಆವರಣದ ಗೋಡೆ ಮಳೆಯಲ್ಲಿ ಕುಸಿದು, ಕೆಳಗಿನ ತಗಡಿನ ಶೆಡ್‌ಗಳಲ್ಲಿ ಮಲಗಿದ್ದ ಕಾರ್ಮಿಕರೂ ಅವರ ಮಕ್ಕಳೂ ಸತ್ತರು. ಮೂರೇ ದಿನದಲ್ಲಿ ಮುಂಬೈನ ಮಲಾಡ್‌ನಲ್ಲೂ ಗೋಡೆ ಬಿದ್ದು ಗುಡಿಸಲುಗಳು ನೆಲಸಮವಾದವು. ಇಂಥ ಗೋಡೆಗಳ ನೆರಳಿನಲ್ಲಿ ಮಲಗುವವರಲ್ಲಿ ನಮ್ಮ ಉತ್ತರ ಕರ್ನಾಟಕದ ಗೌಂಡಿ ಕುಟುಂಬಗಳೂ ಬಹಳ. ನಿಮ್ಮ ಸೊಸೈಟಿಯ ಗೋಡೆಯ ಕೆಳಬದಿಯಲ್ಲಿ ಯಾರು ವಾಸವಿದ್ದಾರೆ ಎಂದು ಮಳೆಗಾಲಕ್ಕೆ ಮೊದಲೇ ಹೋಗಿ ನೋಡಿ.

ನೀವು ಮಾಡಬಹುದಾದದ್ದು ಇಷ್ಟು: ದೂರದಲ್ಲಿ ನಿಂತು, ಗೋಡೆಯ ಮೇಲಂಚನ್ನು ಒಂದು ತುದಿಯಿಂದ ಕಣ್ಣುನೇರಕ್ಕೆ ನೋಡಿ ಗೆರೆ ಬಾಗಿದೆಯೇ ಎಂದು ಗಮನಿಸಿ, ನೀರು ಬಸಿಯಲು ಬಿಟ್ಟ ರಂಧ್ರಗಳಿವೆಯೇ, ಮಳೆಯಲ್ಲಿ ಅವುಗಳಿಂದ ನೀರು ಬರುತ್ತಿದೆಯೇ ನೋಡಿ. ಜೋರು ಮಳೆಯಲ್ಲೂ ರಂಧ್ರಗಳು ಒಣಗಿದ್ದರೆ ಅವು ಕಟ್ಟಿಕೊಂಡಿವೆ, ನೀರು ಹಿಂದೆ ತುಂಬುತ್ತಿದೆ. ಗೋಡೆಗೆ ಸಮಾನಾಂತರವಾಗಿ ಮೇಲಿನ ನೆಲದಲ್ಲಿ ಉದ್ದನೆಯ ಬಿರುಕು ಬಿದ್ದಿದ್ದರೆ ಮಣ್ಣು ಈಗಾಗಲೇ ಸರಿಯತೊಡಗಿದೆ. ಆಗ ಮೇಲಿನ ವಾಹನಗಳನ್ನು ತೆಗೆಸಿ, ಕೆಳಗಿನವರನ್ನು ಬೇರೆಡೆಗೆ ಕಳಿಸಿ, ಅದೇ ದಿನ ಎಂಜಿನಿಯರಿಗೂ ಮಹಾನಗರಪಾಲಿಕೆಗೂ ತಿಳಿಸಿ. ರಂಧ್ರ ಬಿಡಿಸಲೆಂದು ವಾಲಿದ ಗೋಡೆಯ ಬುಡದಲ್ಲಿ ಯಾರನ್ನೂ ನಿಲ್ಲಿಸಬೇಡಿ.

ಎಂಜಿನಿಯರ್ ಬಂದಾಗ

ನಿಮ್ಮ ನೋಟ್‌ಬುಕ್ಕನ್ನು ಮೊದಲು ಅವರ ಕೈಗೆ ಕೊಡಿ. ಮೂರು ತಿಂಗಳ ಅಳತೆ ಅವರ ಅರ್ಧ ದಿನದ ನೋಟಕ್ಕಿಂತ ಹೆಚ್ಚು ಹೇಳುತ್ತದೆ. ನಂತರ ಅವರು ಪರೀಕ್ಷಾ ಗುಂಡಿ ತೋಡಿಸಿ ಪದರಗಳನ್ನು ನೋಡುತ್ತಾರೆ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಕಟ್ಟಿಗೆ ಕಂಡರೆ ಅದು ಭರ್ತಿಯಲ್ಲ, ಕಸ. ಆಮೇಲೆ ಮರಳು ತುಂಬಿ ಗುಂಡಿಯ ಗಾತ್ರ ಅಳೆಯುವ ವಿಧಾನದಿಂದ ಸಾಂದ್ರತೆ ತೆಗೆದು, ಅದೇ ಮಣ್ಣಿನ ಪ್ರಾಕ್ಟರ್ ಫಲಿತಾಂಶಕ್ಕೆ, ಅಂದರೆ ಪ್ರಯೋಗಾಲಯದ ಗರಿಷ್ಠ ಸಾಂದ್ರತೆಗೆ, ಹೋಲಿಸಬೇಕು. ಆಳದ ಭರ್ತಿಯಾದರೆ 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಹೊಡೆತ ಎಣಿಸಿ ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆ ಬೇಕಾಗುತ್ತದೆ. ಈ ಅಂಕಿಗಳನ್ನು ಕೇಳದೆಯೇ "ಗ್ರೌಟಿಂಗ್ ಮಾಡಿಬಿಡೋಣ" ಎನ್ನುವವರಿಗೆ ಕೆಲಸ ಕೊಡಬೇಡಿ. ಗ್ರೌಟಿಂಗಿನಲ್ಲಿ ನೆಲದೊಳಗೆ ಒತ್ತಿ ಬಿಡುವ ಸಿಮೆಂಟಿನ ಹಾಲು ದೊಡ್ಡ ಪೊಟರೆಗಳನ್ನು ತುಂಬಬಲ್ಲದು, ಜೇಡಿ ಬೆರೆತ ಮಣ್ಣಿನೊಳಗೆ ಇಳಿಯುವುದಿಲ್ಲ. ಒತ್ತಡ ಹೆಚ್ಚಿಸಿದರೆ ನೆಲವನ್ನೇ ಎತ್ತಿ ಒಡೆಯುತ್ತದೆ.

ಬೋರಿನ ನೀರು ಬಿಟ್ಟು ಭರ್ತಿಯನ್ನು "ಕೂರಿಸುವ" ಸಲಹೆಯನ್ನೂ ಕೆಲವರು ಕೊಡುತ್ತಾರೆ. ಮನೆ ಕಟ್ಟುವ ಮೊದಲೇ ಆಗಬೇಕಾದದ್ದನ್ನು ಮನೆಯ ಕೆಳಗೆ ಮಾಡುವ ಅಪಾಯವದು, ಒಪ್ಪಬೇಡಿ.

ರಿಪೇರಿಯ ಕ್ರಮ

ಮೊದಲು ಸೋರಿಕೆ ನಿಲ್ಲಬೇಕು, ಪೈಪು ಬದಲಾಗಬೇಕು, ಹೊಸ ಜೋಡಣೆಗಳು ತುಸು ಚಲನೆಯನ್ನು ತಾಳುವ ರಬ್ಬರ್ ಉಂಗುರದವಾಗಿರಬೇಕು. ಬಳಿಕ ಕುಸಿದ ಭಾಗದ ಪಿಸಿಸಿ ಒಡೆದು, ಕೆಸರನ್ನೂ ಕಸವನ್ನೂ ಗಟ್ಟಿ ಮಣ್ಣು ಸಿಗುವವರೆಗೆ ತೆಗೆಯಿರಿ, ಆದರೆ ಕಾಲಂನ ಬುನಾದಿಗೆ ಸಮೀಪ ಹೋಗುವಾಗ ಎಂಜಿನಿಯರ್ ಇಲ್ಲದೆ ಅಗೆಯಬೇಡಿ. ಭರ್ತಿ ಮಣ್ಣಿನ ಗುಂಡಿಯ ಅಂಚು ಸೂಚನೆಯಿಲ್ಲದೆ ಕುಸಿಯುತ್ತದೆ, 1.5 ಮೀಟರಿಗಿಂತ ಆಳವಾದರೆ ಹಲಗೆ ಕೊಟ್ಟು ಆನಿಸದೆ ಯಾರನ್ನೂ ಇಳಿಸಬಾರದು, ತೆಗೆದ ಮಣ್ಣನ್ನು ಅಂಚಿಗೆ ರಾಶಿ ಹಾಕಬಾರದು.

ತುಂಬುವುದಕ್ಕೆ ಎರೆ ಬೆರೆಯದ ಒಳ್ಳೆಯ ಮುರುಮೇ ಬೇಕು. ಸಡಿಲವಾಗಿ 15ರಿಂದ 20 ಸೆಂಟಿಮೀಟರ್ ಹರಡಿ, ನೀರು ಚಿಮುಕಿಸಿ, ಹದ ನೋಡಿ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಗಿದೆ. ಮನೆಯೊಳಗೆ ರೋಲರ್ ಬಾರದು, ಬಾಡಿಗೆಗೆ ಸಿಗುವ ಯಂತ್ರದ ದಮ್ಮಸು ಸಾಕು. ಪೆಟ್ರೋಲಿನ ಯಂತ್ರವಾದರೆ ಎಲ್ಲ ಬಾಗಿಲು ಕಿಟಕಿ ತೆರೆದಿರಲಿ, ಹೊಗೆ ಮುಚ್ಚಿದ ಕೋಣೆಯಲ್ಲಿ ಕೊಲ್ಲುತ್ತದೆ. ಪ್ರತಿ ಪದರ ಮುಗಿದ ಮೇಲೆ ಮಾತ್ರ ಮುಂದಿನದು. ಗೋಡೆಯ ಅಂಚು, ಮೂಲೆ, ಪೈಪಿನ ಪಕ್ಕಗಳಲ್ಲಿ ಯಂತ್ರ ತಲುಪದು, ಅಲ್ಲಿ ಕೈದಮ್ಮಸು ಹಿಡಿದು ನಿಂತು ಮಾಡಿಸಿ. ನಮ್ಮ ಮನೆಯ ಮೂಲೆಯಲ್ಲಿ ಹನ್ನೊಂದು ಪದರ ಬೇಕಾಯಿತು, ಎರಡು ದಿನ ಹಿಡಿಯಿತು.

ಟೈಲ್ಸ್ ಹಾಕಿದ ಮೇಲೂ ಸ್ಕರ್ಟಿಂಗಿನ ಸಂದನ್ನು ಕೂಡಲೇ ಮುಚ್ಚದೆ, ಒಂದು ಪೂರ್ತಿ ಮಳೆಗಾಲ ಹಾಳೆ ಎಣಿಸುತ್ತಾ ಹೋಗಿ. ಜೂನ್‌ನ ಅಂಕಿಗೂ ಅಕ್ಟೋಬರ್‌ನ ಅಂಕಿಗೂ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಆಗ ಗೋಡೆಯ ಬಿರುಕಿಗೆ ಪುಟ್ಟಿ ತುಂಬಿಸಿ, ಬಣ್ಣ ಬಳಿಸಿ. ವ್ಯತ್ಯಾಸ ಕಂಡರೆ ನೀಲಿಯ ಬಕೆಟ್ಟನ್ನು ಮತ್ತೆ ತೆಗೆದುಕೊಂಡು ಛೇಂಬರಿನ ಬಳಿಗೆ ಹೋಗಬೇಕು.